ರಕ್ತದ ಬಿತ್ತನೆ ಬೀಜ

ಮಳೆಗಾಲದಲ್ಲಿ ನಮ್ಮ ಊರುಗಳಲ್ಲಿ ಒಂದು ಪ್ರಶ್ನೆ ಮನೆಮನೆಯಲ್ಲಿಯೂ ಕೇಳಿಬರುತ್ತದೆ: "ಪ್ಲೇಟ್‌ಲೆಟ್ ಎಷ್ಟಿದೆಯಂತೆ?" ಡೆಂಗೆ ಜ್ವರ ಹೊಕ್ಕ ಮನೆಯವರು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ರಕ್ತಪರೀಕ್ಷೆಯ ಚೀಟಿಯನ್ನು ಹಿಡಿದುಕೊಂಡು ಲೆಕ್ಕ ನೋಡುತ್ತಾರೆ. ೧೯೫೭ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಗುರುತಿಸಿದ ಮಂಗನ ಕಾಯಿಲೆಯಲ್ಲಿಯೂ ಇದೇ ಲೆಕ್ಕ ಇಳಿಯುತ್ತದೆ. ಜೊತೆಗೆ ಬಿಳಿ ರಕ್ತಕಣಗಳೂ ಕಡಿಮೆಯಾಗುತ್ತವೆ. ಒಂದೂವರೆ ಲಕ್ಷಕ್ಕೆ ಮೇಲಿರಬೇಕಾದದ್ದು ನಲವತ್ತು ಸಾವಿರಕ್ಕೆ ಇಳಿಯಿತೆಂದರೆ ಮನೆಯವರ ಮುಖ ಬಾಡುತ್ತದೆ. ನಾಲ್ಕು ದಿನ ಕಳೆದು, ಜ್ವರ ಬಿಟ್ಟು, ಲೆಕ್ಕ ಮತ್ತೆ ಏರಿತೆಂದರೆ ಹೋದ ಜೀವ ಬಂದಂತಾಗುತ್ತದೆ.

ಆದರೆ ಆ ಕಣಗಳು ಮತ್ತೆ ಎಲ್ಲಿಂದ ಬಂದವು? ಅವನ್ನು ಮಾಡಿದವರು ಯಾರು? ಇಷ್ಟು ಬೇಕು, ಇನ್ನು ಸಾಕು ಎಂದು ಹೇಳಿದವರು ಯಾರು? ಗಾಬರಿ ಕಳೆದ ಮೇಲೆ ಈ ಪ್ರಶ್ನೆಗಳನ್ನು ಕೇಳುವವರು ಕಡಿಮೆ. ಈ ದಿನ ಅವನ್ನೇ ಸ್ವಲ್ಪ ವಿಚಾರಿಸೋಣ.

ಬೆಳೆದ ಮನುಷ್ಯನ ಮೈಯಲ್ಲಿ ಸುಮಾರು ೫ ಲೀಟರ್ ರಕ್ತವಿರುತ್ತದೆ. ಅದರಲ್ಲಿ ತೇಲುವ ಕಣಗಳಲ್ಲಿ ಮೂರು ಬಗೆ. ಪ್ರಾಣವಾಯುವನ್ನು ಹೊತ್ತು ತಿರುಗುವ ಕೆಂಪು ಕಣಗಳು ಒಂದು. ರೋಗದೊಡನೆ ಹೋರಾಡುವ ಬಿಳಿ ಕಣಗಳು ಎರಡು. ಗಾಯವಾದಾಗ ರಕ್ತವನ್ನು ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು, ಕನ್ನಡದಲ್ಲಿ ಕಿರುತಟ್ಟೆಗಳು, ಮೂರು. ಇವುಗಳ ಆಯುಷ್ಯ ಬಹಳ ಅಲ್ಪ. ಕೆಂಪು ಕಣ ಬದುಕುವುದು ಸುಮಾರು ೧೨೦ ದಿನ. ಕಿರುತಟ್ಟೆ ೮ರಿಂದ ೧೦ ದಿನ. ಬಿಳಿ ಕಣಗಳಲ್ಲಿ ಕೆಲವು ಒಂದು ಹಗಲು ಒಂದು ರಾತ್ರಿಯನ್ನು ಕಂಡರೆ ಹೆಚ್ಚು. ಸತ್ತುಹೋದ ಕಣಗಳ ಸ್ಥಳವನ್ನು ತುಂಬಲು ಸೆಕೆಂಡಿಗೆ ಸುಮಾರು ಇಪ್ಪತ್ತು ಲಕ್ಷ ಹೊಸ ಕೆಂಪು ಕಣಗಳು ಹುಟ್ಟಬೇಕು. ನಾನು ಈ ಒಂದು ವಾಕ್ಯವನ್ನು ಹೇಳಿ ಮುಗಿಸುವಷ್ಟರಲ್ಲಿ ತಮ್ಮ ಮೈಯಲ್ಲಿ ಒಂದು ಕೋಟಿಯಷ್ಟು ಕೆಂಪು ಕಣಗಳು ಹೊಸದಾಗಿ ಹುಟ್ಟಿರುತ್ತವೆ ಎಂದರೆ ಉತ್ಪ್ರೇಕ್ಷೆಯಲ್ಲ.

ಈ ಕಾರ್ಖಾನೆ ಇರುವುದು ಮೂಳೆಗಳ ಒಳಗಿನ ಮಜ್ಜೆಯಲ್ಲಿ. ದೊಡ್ಡವರಲ್ಲಿ ಮುಖ್ಯವಾಗಿ ಸೊಂಟದ ಮೂಳೆ, ಎದೆಯ ಮೂಳೆ, ಬೆನ್ನೆಲುಬು, ಪಕ್ಕೆಲುಬುಗಳಲ್ಲಿ. ಭದ್ರಾವತಿಯವರಿಗೆ ಇದರಲ್ಲಿ ಒಂದು ನೆಂಟಸ್ತನವೂ ಉಂಟು. ೧೯೨೩ರಿಂದ ಕಬ್ಬಿಣ ಕರಗಿಸಿದ ಊರು ಇದು. ಮೈಯೊಳಗಿನ ಕಾರ್ಖಾನೆಗೂ ಕಬ್ಬಿಣವೇ ಕಚ್ಚಾ ಸಾಮಗ್ರಿ. ನಮ್ಮ ದೇಹದಲ್ಲಿರುವ ಕಬ್ಬಿಣವನ್ನೆಲ್ಲ ಕೂಡಿಸಿದರೂ ನಾಲ್ಕು ಗ್ರಾಂ ಆದೀತು, ಒಂದು ಸಣ್ಣ ಮೊಳೆಯಷ್ಟು; ಅದರಲ್ಲಿ ಮೂರನೆಯ ಎರಡು ಪಾಲು ಕೆಂಪು ಕಣಗಳಲ್ಲಿದೆ. ನಮ್ಮ ಹೆಣ್ಣುಮಕ್ಕಳಲ್ಲಿ ಕಾಣುವ ರಕ್ತಹೀನತೆಗೆ ಬಹುಮಟ್ಟಿಗೆ ಕಾರಣ ಈ ಕಬ್ಬಿಣದ ಕೊರತೆ. ಅದಕ್ಕೆ ಸೊಪ್ಪು, ಕಾಳು, ವೈದ್ಯರು ಕೊಡುವ ಮಾತ್ರೆ ಸಾಕು. ನಾನು ಈಗ ಹೇಳಹೊರಟಿರುವುದು ಕಚ್ಚಾ ಸಾಮಗ್ರಿ ಸರಿಯಾಗಿದ್ದರೂ ಕಾರ್ಖಾನೆಯೇ ಕೆಡುವ ಬಗೆಯನ್ನು.

ಹುಟ್ಟುವ ಕಣಗಳೆಲ್ಲ ಒಂದೇ ಬಗೆಯ ತಾಯಿಕೋಶದಿಂದ ಹುಟ್ಟುತ್ತವೆ. ಪತ್ರಿಕೆಗಳಲ್ಲಿ ಸ್ಟೆಮ್ ಸೆಲ್ ಎಂದು ಓದಿರುತ್ತೀರಿ. ಕನ್ನಡದಲ್ಲಿ ಆಕರಕೋಶ ಎನ್ನೋಣ. ಮಜ್ಜೆಯಲ್ಲಿ ಹತ್ತು ಸಾವಿರ ಕೋಶಗಳನ್ನು ಹುಡುಕಿದರೆ ಇಂಥದೊಂದು ಸಿಕ್ಕೀತೋ ಇಲ್ಲವೋ, ಅಷ್ಟು ವಿರಳ. ಇದರ ಗುಣ ಎರಡು. ಕೆಂಪು, ಬಿಳಿ, ಕಿರುತಟ್ಟೆ ಎಲ್ಲಕ್ಕೂ ಇದು ಮೂಲವಾಗಬಲ್ಲದು. ಜೊತೆಗೆ, ತನ್ನಂಥದೇ ಇನ್ನೊಂದು ಆಕರಕೋಶವನ್ನೂ ಉಳಿಸಬಲ್ಲದು. ನಮ್ಮ ರೈತರು ಸುಗ್ಗಿಯಲ್ಲಿ ಬಂದ ಭತ್ತವನ್ನೆಲ್ಲ ಅಕ್ಕಿ ಮಾಡಿಸುವುದಿಲ್ಲ. ಒಂದಷ್ಟನ್ನು ಬಿತ್ತನೆಗೆಂದು ಕಟ್ಟಿಡುತ್ತಾರೆ. ಎಂಥ ಕಷ್ಟ ಬಂದರೂ ಬಿತ್ತನೆಯ ಭತ್ತಕ್ಕೆ ಕೈ ಹಾಕಬಾರದು ಎಂಬುದು ಮನೆಯ ಹಿರಿಯರ ಕಟ್ಟುನಿಟ್ಟು. ಆಕರಕೋಶ ರಕ್ತದ ಬಿತ್ತನೆ ಬೀಜ. ಅದು ಬಹುಕಾಲ ಸುಮ್ಮನೆ ಮಲಗಿರುತ್ತದೆ. ಆ ಸುಮ್ಮನಿರುವಿಕೆಯಲ್ಲಿಯೇ ಅದರ ಬೆಲೆಯಿದೆ.

ಇಂಥ ಕೋಶ ಉಂಟೆಂದು ತೋರಿಸಿಕೊಟ್ಟದ್ದು ೧೯೬೧ರಲ್ಲಿ, ಕೆನಡಾ ದೇಶದ ಟೊರಾಂಟೊ ನಗರದಲ್ಲಿ. ಜೇಮ್ಸ್ ಟಿಲ್ ಭೌತವಿಜ್ಞಾನಿ, ಅರ್ನೆಸ್ಟ್ ಮೆಕಲಕ್ ವೈದ್ಯ. ಹಿರೋಷಿಮಾದ ಬಾಂಬಿನ ಬಳಿಕ, ವಿಕಿರಣ ಮಜ್ಜೆಯನ್ನು ಕೊಲ್ಲುತ್ತದೆ ಎಂಬ ಸಂಗತಿ ಲೋಕವನ್ನೆಲ್ಲ ಕಾಡುತ್ತಿದ್ದ ಕಾಲ ಅದು. ಇವರು ಇಲಿಗಳಿಗೆ ವಿಕಿರಣ ತಾಗಿಸಿ ಮಜ್ಜೆಯನ್ನು ನಾಶಮಾಡಿ, ಆರೋಗ್ಯವಂತ ಇಲಿಯ ಮಜ್ಜೆಯನ್ನು ರಕ್ತನಾಳಕ್ಕೆ ಚುಚ್ಚಿದರು. ಹತ್ತು ದಿನಗಳ ಮೇಲೆ ನೋಡಿದರೆ ಇಲಿಗಳ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು ಎದ್ದಿದ್ದವು. ಎಷ್ಟು ಹೆಚ್ಚು ಮಜ್ಜೆ ಕೊಟ್ಟಿದ್ದರೋ ಅಷ್ಟು ಹೆಚ್ಚು ಗಂಟುಗಳು. ಒಂದೊಂದು ಗಂಟೂ ಒಂದೊಂದೇ ಕೋಶದ ಸಂತಾನ ಎಂಬುದು ಮುಂದೆ ೧೯೬೩ರಲ್ಲಿ ಖಚಿತವಾಯಿತು.

ಬಿತ್ತನೆಯ ಬೀಜ ಉಂಟು ಎಂದಾಯಿತು. ಇನ್ನು, ಯಾವಾಗ ಬಿತ್ತಬೇಕು, ಎಷ್ಟು ಬಿತ್ತಬೇಕು ಎಂದು ಹೇಳುವವರು ಬೇಕಷ್ಟೆ? ಕಾರ್ಖಾನೆಯ ಕೂಗಿಗೆ ಇಡೀ ಊರು ತನ್ನ ದಿನಚರಿಯನ್ನು ಹೊಂದಿಸಿಕೊಂಡಿದ್ದ ಕಾಲವನ್ನು ನ್ಯೂ ಟೌನಿನ ಹಿರಿಯರು ಮರೆತಿರಲಾರರು. ಕೂಗು ಕೇಳಿದರೆ ಒಂದು ಪಾಳಿ ಒಳಗೆ, ಇನ್ನೊಂದು ಪಾಳಿ ಹೊರಗೆ. ಮೈಯೊಳಗೂ ಇಂಥ ಕೂಗುಗಳಿವೆ. ವಿಜ್ಞಾನಿಗಳು ಅವನ್ನು ಸಂಕೇತಗಳು ಎನ್ನುತ್ತಾರೆ. ಒಂದು ಉದಾಹರಣೆ ನೋಡಿ. ಎತ್ತರದ ಬೆಟ್ಟಸೀಮೆಗೆ ಹೋಗಿ ನೆಲೆಸಿದವರಿಗೆ ಉಸಿರಿಗೆ ಸಿಗುವ ಪ್ರಾಣವಾಯು ಕಡಿಮೆ. ಇದನ್ನು ಮೊದಲು ಗಮನಿಸುವುದು ಮೂತ್ರಪಿಂಡ. ಅದು ಎರಿಥ್ರೊಪೊಯೆಟಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಆ ರಸ ಮಜ್ಜೆಗೆ ಬಂದು, ಕೆಂಪು ಕಣವಾಗಲಿರುವ ಎಳೆಯ ಕೋಶದ ಹೊರಮೈಯಲ್ಲಿರುವ ಒಂದು ಕೊಂಡಿಗೆ ತಗಲಿಕೊಳ್ಳುತ್ತದೆ. ಕೊಂಡಿಯ ಒಳತುದಿಯಲ್ಲಿ ಜಾಕ್-೨ ಎಂಬ ಪ್ರೋಟೀನು ಕಾದಿರುತ್ತದೆ. ಅದು ಎಚ್ಚೆತ್ತು ಸ್ಟ್ಯಾಟ್ ಎಂಬ ಇನ್ನೊಂದನ್ನು ಎಬ್ಬಿಸುತ್ತದೆ. ಸ್ಟ್ಯಾಟ್ ಕೋಶದ ಕೇಂದ್ರಕ್ಕೆ ಹೋಗಿ, "ಕೆಂಪು ಕಣ ಹೆಚ್ಚಲಿ" ಎಂಬ ಸುದ್ದಿಯನ್ನು ಮುಟ್ಟಿಸುತ್ತದೆ. ಕೊರತೆ ತೀರಿದ ಕೂಡಲೆ ರಸ ಕಡಿಮೆಯಾಗುತ್ತದೆ, ಕೂಗು ನಿಲ್ಲುತ್ತದೆ.

ಕೂಗುವವರಿಲ್ಲದೆಯೇ ಕೂಗು ಕೇಳಿಸುತ್ತಲೇ ಇದ್ದರೆ ಏನಾದೀತು? ಅದೇ ರೋಗ. ಕೆಂಪು ಕಣಗಳು ಮಿತಿಮೀರಿ ಹೆಚ್ಚಿ, ರಕ್ತ ದಪ್ಪವಾಗಿ, ಮುಖ ಕೆಂಪೇರಿ, ಸ್ನಾನವಾದ ಮೇಲೆ ಮೈಯೆಲ್ಲ ತುರಿಸಿ, ಕೊನೆಗೆ ಹೃದಯಕ್ಕೋ ಮಿದುಳಿಗೋ ಹೆಪ್ಪು ಅಡ್ಡಬರುವ ಒಂದು ಕಾಯಿಲೆಯುಂಟು. ಪಾಲಿಸೈಥೀಮಿಯ ಎಂದು ಹೆಸರು. ಈ ರೋಗಿಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಮಂದಿಯಲ್ಲಿ ಜಾಕ್-೨ರ ಒಂದೇ ಒಂದು ಅಕ್ಷರ ತಪ್ಪಾಗಿದೆ ಎಂಬುದನ್ನು ೨೦೦೫ರಲ್ಲಿ ಕಂಡುಕೊಂಡರು. ಆ ತಪ್ಪಿನ ದೆಸೆಯಿಂದ ಜಾಕ್-೨ ಯಾರೂ ಎಬ್ಬಿಸದಿದ್ದರೂ ಎದ್ದೇ ಕುಳಿತಿರುತ್ತದೆ.

ಇನ್ನೊಂದು ಕಥೆ ಇದಕ್ಕಿಂತ ದೊಡ್ಡದು. ಬಿಳಿ ಕಣಗಳು ನಿಧಾನವಾಗಿ, ವರ್ಷಗಟ್ಟಲೆ ಹೆಚ್ಚುತ್ತ ಹೋಗುವ ಒಂದು ಬಗೆಯ ರಕ್ತಕ್ಯಾನ್ಸರ್ ಇದೆ. ಗುಲ್ಮ ಊದಿಕೊಂಡು ಹೊಟ್ಟೆಯ ಎಡಭಾಗ ಭಾರವಾಗುತ್ತದೆ, ದಣಿವು ಹೆಚ್ಚುತ್ತದೆ. ೧೯೬೦ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ನೊವೆಲ್ ಮತ್ತು ಹಂಗರ್‌ಫರ್ಡ್ ಎಂಬಿಬ್ಬರು ಇಂಥ ರೋಗಿಗಳ ಕೋಶಗಳಲ್ಲಿ ಒಂದು ವರ್ಣತಂತು ಅಸಹಜವಾಗಿ ಮೊಂಡಾಗಿರುವುದನ್ನು ಕಂಡರು. ೯ನೆಯ ಮತ್ತು ೨೨ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿವೆ ಎಂದು ೧೯೭೩ರಲ್ಲಿ ಜಾನೆಟ್ ರೌಲಿ ಎಂಬ ವಿದುಷಿ ತೋರಿಸಿದರು. ಹೀಗೆ ತಪ್ಪಾಗಿ ಕೂಡಿಕೊಂಡ ತುಂಡುಗಳಿಂದ, ನಿಲ್ಲದೆ ಕೂಗುವ ಒಂದು ಪ್ರೋಟೀನು ಹುಟ್ಟುತ್ತದೆ. ಆ ಕೂಗಿಗೆ ಮಾತ್ರ ಬಾಯಿ ಮುಚ್ಚಿಸುವ ಇಮಾಟಿನಿಬ್ ಎಂಬ ಮಾತ್ರೆಗೆ ೨೦೦೧ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಕೆಲವೇ ವರ್ಷಗಳ ಆಯುಷ್ಯವೆಂದು ತಿಳಿಯಲಾಗಿದ್ದ ರೋಗಿಗಳು ದಿನಕ್ಕೊಂದು ಸಲ ಮಾತ್ರೆ ನುಂಗಿ ಮನೆ, ಮಕ್ಕಳು, ನೌಕರಿ ಎಂದು ಬಾಳುವಂತಾಯಿತು. ನಮ್ಮ ದೇಶದಲ್ಲಿ ಇದರ ಬೆಲೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ೨೦೧೩ರ ಏಪ್ರಿಲ್ ೧ರಂದು ನ್ಯಾಯಾಲಯ ವಿದೇಶೀ ಕಂಪನಿಯ ಪೇಟೆಂಟ್ ಮನವಿಯನ್ನು ತಳ್ಳಿಹಾಕಿತು. ತಿಂಗಳಿಗೆ ಲಕ್ಷ ರೂಪಾಯಿ ಮೀರಿದ್ದ ಔಷಧವನ್ನು ನಮ್ಮ ದೇಶದ ಕಂಪನಿಗಳು ಅದರ ಹತ್ತನೆಯ ಒಂದು ಪಾಲಿನ ಬೆಲೆಗೆ ಒದಗಿಸುವ ದಾರಿ ಭದ್ರವಾಯಿತು. ಯಾವುದೋ ಪ್ರಯೋಗಶಾಲೆಯಲ್ಲಿ ಮೊಂಡು ವರ್ಣತಂತುವನ್ನು ದಿಟ್ಟಿಸುತ್ತ ಕುಳಿತವರ ಶ್ರಮ ನಲವತ್ತು ವರ್ಷಗಳ ಮೇಲೆ ಮನೆಯ ಔಷಧದ ಡಬ್ಬಿಗೆ ಬಂದು ಸೇರಿದ್ದು ಹೀಗೆ.

ಕೂಗು ಹೆಚ್ಚಿದರೆ ಕೆಡುಕು, ಸರಿ. ಆಕರಕೋಶ ಸುಮ್ಮನಿರಬೇಕಾದಾಗ ಅದನ್ನು ಸುಮ್ಮನಿರಿಸುವವರು ಯಾರು? ಈ ಪ್ರಶ್ನೆಗೆ ಉತ್ತರದ ಒಂದು ಮುಖ್ಯ ಭಾಗ ನಮ್ಮ ಬೆಂಗಳೂರಿನಿಂದ ಬಂದಿದೆ. ಜಕ್ಕೂರಿನಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿ ಮನೀಷಾ ಇನಾಮದಾರ್ ಅವರೂ ಅವರ ವಿದ್ಯಾರ್ಥಿಗಳೂ ರಕ್ತದ ಹುಟ್ಟನ್ನು ಕುರಿತು ಸಂಶೋಧನೆ ನಡೆಸಿದರು. ರಕ್ತಕೋಶಗಳಲ್ಲಿ ಕಾಣಿಸಿಕೊಳ್ಳುವ ಹೊಸದೊಂದು ವಂಶವಾಹಿಯನ್ನು ಅವರು ಗುರುತಿಸಿ ೨೦೦೩ರಲ್ಲಿ ಪ್ರಕಟಿಸಿದರು. ಅದಕ್ಕೆ ಇಟ್ಟ ಹೆಸರು 'ಅಸೃಜ್'. ಸಂಸ್ಕೃತದಲ್ಲಿ ಈ ಮಾತಿಗೆ ರಕ್ತವೆಂದೇ ಅರ್ಥ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಇದು ಹಳೆಯ ಪರಿಚಯ. ಇಂದು ಲೋಕದ ವಿಜ್ಞಾನ ಪತ್ರಿಕೆಗಳಲ್ಲಿಯೂ ಆ ಹೆಸರು ಕಾಣಸಿಗುತ್ತದೆ.

ಇದರ ಕೆಲಸವೇನೆಂದು ತಿಳಿಯಲು ಅವರು ಮೊದಲು ಆರಿಸಿಕೊಂಡದ್ದು ಮಾಗಿದ ಬಾಳೆಹಣ್ಣಿನ ಮೇಲೆ ಮುತ್ತುವ ಹಣ್ಣುನೊಣವನ್ನು. ನೊಣಕ್ಕೂ ಮನುಷ್ಯನಿಗೂ ಏನು ಹೋಲಿಕೆ ಎಂದು ನಗಬೇಡಿ. ನೊಣಕ್ಕೂ ಒಂದು ಬಗೆಯ ರಕ್ತವುಂಟು, ಆ ರಕ್ತಕ್ಕೂ ತಾಯಿಕೋಶಗಳುಂಟು, ಜಾಕ್-ಸ್ಟ್ಯಾಟ್ ಕೂಗಿನ ವ್ಯವಸ್ಥೆಯೂ ಉಂಟು. ಅಸೃಜ್ ಇಲ್ಲದ ನೊಣದ ಮರಿಗಳಲ್ಲಿ ತಾಯಿಕೋಶಗಳು ಕಾಲಕ್ಕೆ ಮೊದಲೇ ಮಾಗಿ ರಕ್ತಕಣಗಳಾಗಿಬಿಟ್ಟವು, ಬಿತ್ತನೆಯ ದಾಸ್ತಾನು ಬರಿದಾಯಿತು ಎಂದು ೨೦೧೧ರಲ್ಲಿ ವರದಿ ಮಾಡಿದರು. ಕೋಶದೊಳಗೆ ಬಂದ ಸಂಕೇತಗಳನ್ನು ವಿಂಗಡಿಸಿ ಕಳಿಸುವ ಸಣ್ಣ ಚೀಲಗಳಿರುತ್ತವೆ. ಅಂಚೆಕಚೇರಿಯಲ್ಲಿ ಪತ್ರ ವಿಂಗಡಿಸುವ ಖಾನೆಗಳಂತೆ. ಅಸೃಜ್ ಇರುವುದು ಆ ಚೀಲಗಳ ಮೇಲೆ. ಯಾವ ಸುದ್ದಿ ಎಲ್ಲಿಗೆ, ಎಷ್ಟು ಹೊತ್ತು ಎಂಬುದರಲ್ಲಿ ಅದರ ಕೈವಾಡವಿದೆ.

ಅನಂತರ ಅವರು ಅಸೃಜ್ ಇಲ್ಲದ ಇಲಿಗಳನ್ನು ಬೆಳೆಸಿದರು. ಇದರ ಫಲಿತಾಂಶ ೨೦೧೯ರಲ್ಲಿ ಪ್ರಕಟವಾಯಿತು. ಇಲಿಗಳು ಹುಟ್ಟಿದವು, ಬೆಳೆದವು, ಮರಿ ಹಾಕಿದವು. ಮೇಲುನೋಟಕ್ಕೆ ಕುಂದೇನೂ ಇರಲಿಲ್ಲ. ಆರು ತಿಂಗಳಾಗುವಾಗ ನೋಡಿದರೆ ರಕ್ತಕಣಗಳ ಲೆಕ್ಕ ಏರಿತ್ತು, ಗುಲ್ಮ ದೊಡ್ಡದಾಗಿತ್ತು, ಮಜ್ಜೆಯಲ್ಲಿ ಆಕರಕೋಶಗಳು ಹೆಚ್ಚಿದ್ದವು. ಮಲಗಿರಬೇಕಾದವು ಎದ್ದು ಕೆಲಸಕ್ಕೆ ತೊಡಗಿದ್ದವು. ಹೆಚ್ಚು ಆಕರಕೋಶವಿದ್ದರೆ ಒಳ್ಳೆಯದಲ್ಲವೇ ಎನ್ನಬಹುದು. ಆದರೆ ಅದೇ ಇಲಿಗಳಿಗೆ ಸ್ವಲ್ಪ ವಿಕಿರಣವನ್ನೋ, ಮಜ್ಜೆಯನ್ನು ದಣಿಸುವ ಔಷಧವನ್ನೋ ಕೊಟ್ಟಾಗ ಗುಟ್ಟು ಹೊರಬಿತ್ತು. ಸಾಮಾನ್ಯ ಇಲಿಗಳು ಚೇತರಿಸಿಕೊಳ್ಳುವ ಕಡೆ, ಈ ಇಲಿಗಳ ಆಕರಕೋಶಗಳು ದುಡಿದು ದುಡಿದು ಬೇಗನೆ ಮುಗಿದುಹೋದವು. ಬಿತ್ತನೆಯ ಭತ್ತವನ್ನು ಸುಗ್ಗಿಯಲ್ಲೇ ಉಂಡ ಮನೆಗೆ ಬರಗಾಲ ಬಂದಂತೆ.

ಕಾರಣವನ್ನೂ ಅವರು ಹುಡುಕಿದರು. ಕೋಶ ಅಡ್ಡದಾರಿ ಹಿಡಿಯದಂತೆ ಕಾಯುವ ಪಿ-೫೩ ಎಂಬ ಪ್ರೋಟೀನು ಒಂದಿದೆ. ಅದನ್ನು ಕೊಚ್ಚಿ ಹಾಕಿಸುವ ಇನ್ನೊಂದೂ ಇದೆ. ಅಸೃಜ್ ಈ ಎರಡನೆಯದನ್ನು ಹಿಡಿದಿಟ್ಟುಕೊಂಡು, ಕಾವಲುಗಾರನನ್ನು ಉಳಿಸುತ್ತದೆ. ಮನುಷ್ಯರ ಹಲವು ರಕ್ತಕ್ಯಾನ್ಸರುಗಳಲ್ಲಿ ಅಸೃಜ್ ಪ್ರಮಾಣ ಏರುಪೇರಾಗಿರುತ್ತದೆ ಎಂದೂ ಕಂಡುಬಂದಿದೆ. ಪಿ-೫೩ನ್ನು ಉಳಿಸುವ ಒಂದು ರಾಸಾಯನಿಕವನ್ನು ಕೊಟ್ಟಾಗ ಆ ಇಲಿಗಳಲ್ಲಿ ಮಿತಿಮೀರಿದ್ದ ಆಕರಕೋಶಗಳು ಕಡಿಮೆಯಾದವು. ಇದು ಇಲಿಯಲ್ಲಿ ಕಂಡ ಫಲ. ರೋಗಿಗೆ ಔಷಧವಾಗಲು ಇನ್ನೂ ದೂರ ನಡೆಯಬೇಕು. ಮೊಂಡು ವರ್ಣತಂತುವಿನಿಂದ ಮಾತ್ರೆಯವರೆಗೆ ನಲವತ್ತು ವರ್ಷ ಹಿಡಿದದ್ದನ್ನು ನೆನಪಿನಲ್ಲಿಡೋಣ.

ಹಾಗಾದರೆ ಇಂದು ಮನೆಯಲ್ಲಿ ರೋಗಿಯಿರುವವರಿಗೆ ಆಕರಕೋಶದಿಂದ ಏನು ಉಪಯೋಗ? ಒಂದು ಉಪಯೋಗ ಬಹುಕಾಲದಿಂದ ಸಿದ್ಧವಾಗಿದೆ; ಅದು ಮಜ್ಜೆಯ ಕಸಿ. ಇದಕ್ಕೆ ದಾರಿ ತೆರೆದ ಅಮೆರಿಕದ ವೈದ್ಯ ಡೊನಾಲ್ ಥಾಮಸ್ ಅವರಿಗೆ ೧೯೯೦ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದೇಶದಲ್ಲಿ ಮೊದಲ ಕಸಿ ನಡೆದದ್ದು ೧೯೮೩ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ. ರಕ್ತಕ್ಯಾನ್ಸರಿನ ಒಂಬತ್ತು ವರ್ಷದ ಹುಡುಗಿಗೆ ಅವಳ ಸಹೋದರನ ಮಜ್ಜೆಯನ್ನು ಕೊಟ್ಟರು. ೧೯೮೬ರಲ್ಲಿ ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು. ಇಂದು ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಕೆಟ್ಟ ಮಜ್ಜೆಯನ್ನು ಔಷಧದಿಂದ ಅಳಿಸಿ, ದಾನಿಯ ಆಕರಕೋಶಗಳನ್ನು ರಕ್ತ ಕೊಡುವ ಹಾಗೆಯೇ ನಾಳದ ಮೂಲಕ ಬಿಡುತ್ತಾರೆ. ಅವು ತಾವಾಗಿ ಮೂಳೆಯೊಳಕ್ಕೆ ದಾರಿ ಕಂಡುಕೊಂಡು, ಎರಡು ಮೂರು ವಾರಗಳಲ್ಲಿ ಹೊಸ ರಕ್ತವನ್ನು ಮಾಡತೊಡಗುತ್ತವೆ. ಸುಲಭದ ಚಿಕಿತ್ಸೆಯೇನೂ ಅಲ್ಲ. ಸೋಂಕಿನ ಭಯವಿದೆ, ಬಂದ ಕೋಶಗಳು ರೋಗಿಯ ಮೈಯೊಡನೆ ಜಗಳಕ್ಕೆ ನಿಲ್ಲುವುದೂ ಉಂಟು, ಖರ್ಚೂ ಬಹಳ. ತಿಂಗಳಿಗೊಮ್ಮೆ ಎರಡು ಸಲ ರಕ್ತ ಕೊಡಿಸಿಕೊಂಡೇ ಬದುಕುವ ಥಲಸ್ಸೀಮಿಯಾ ಮಕ್ಕಳ ಕಸಿಗೆ ಹತ್ತು ಲಕ್ಷ ರೂಪಾಯಿವರೆಗೆ ನೆರವು ಕೊಡುವ ಥಲಸ್ಸೀಮಿಯಾ ಬಾಲ ಸೇವಾ ಯೋಜನೆಯನ್ನು ಕೋಲ್ ಇಂಡಿಯಾ ಸಂಸ್ಥೆ ೨೦೧೭ರಲ್ಲಿ ಆರಂಭಿಸಿತು. ಇಂಥ ಮಗುವಿರುವ ಮನೆಯವರು ವೈದ್ಯರಲ್ಲಿ ಇದನ್ನು ವಿಚಾರಿಸಬೇಕು.

ದಾನಿಯ ಕೋಶ ರೋಗಿಯ ಕೋಶಕ್ಕೆ ಹೊಂದಬೇಕು. ಒಡಹುಟ್ಟಿದ ಒಬ್ಬರೊಡನೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕಕ್ಕೆ ಒಂದು ಮಾತ್ರ. ಮನೆಯಲ್ಲಿ ಒಂದೋ ಎರಡೋ ಮಕ್ಕಳಿರುವ ಈ ಕಾಲದಲ್ಲಿ ಬಹಳ ಮಂದಿಗೆ ಹೊರಗಿನ ದಾನಿಯೇ ಗತಿ. ಅದಕ್ಕೆಂದು ದಾನಿಗಳ ಪಟ್ಟಿಗಳಿವೆ. ಚೆನ್ನೈಯ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಫೌಂಡೇಷನ್ ಇಂಡಿಯಾ ಈ ಕೆಲಸ ಮಾಡುತ್ತಿವೆ. ಹದಿನೆಂಟು ತುಂಬಿದ ಆರೋಗ್ಯವಂತರು ಹೆಸರು ಕೊಡಬಹುದು. ಕೆನ್ನೆಯ ಒಳಭಾಗವನ್ನು ಹತ್ತಿಯ ಕಡ್ಡಿಯಿಂದ ಒರೆಸಿ ಕಳಿಸಿದರೆ ಪರೀಕ್ಷೆಗೆ ಸಾಕು. ಹೊಂದಿಕೆಯಾದರೆ ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು, ಅಂದರೆ ಮಜ್ಜೆಗೆ ಬೇಕೆಂದೇ ಒಂದು ಕೂಗು ಹಾಕಿ, ಹೊರಬಂದ ಆಕರಕೋಶಗಳನ್ನು ತೋಳಿನ ನಾಳದಿಂದಲೇ ಯಂತ್ರದ ಮೂಲಕ ತೆಗೆದುಕೊಳ್ಳುತ್ತಾರೆ. ಮೈಕೈ ನೋವು ಕೆಲವು ದಿನ ಇದ್ದೀತು. ಕೊಟ್ಟ ಕೋಶಗಳನ್ನು ದೇಹ ಮತ್ತೆ ತುಂಬಿಕೊಳ್ಳುತ್ತದೆ. ಸೊಂಟದ ಮೂಳೆಯನ್ನು ಕೊಯ್ಯುತ್ತಾರಂತೆ, ಗಂಡಸರು ದುರ್ಬಲರಾಗುತ್ತಾರಂತೆ ಎಂಬ ಮಾತುಗಳಿಗೆ ಆಧಾರವಿಲ್ಲ. ನಮ್ಮವರಿಗೆ ಹೊಂದುವ ದಾನಿ ನಮ್ಮವರ ನಡುವೆಯೇ ಸಿಗುವ ಸಂಭವ ಹೆಚ್ಚು ಎಂಬುದನ್ನು ಯುವಕ ಯುವತಿಯರು ಮನಸ್ಸಿಗೆ ತಂದುಕೊಳ್ಳಬೇಕು.

ಇನ್ನೂ ಒಂದು ಹೊಸ ಸಂಗತಿ. ರಕ್ತ ಹೆಪ್ಪುಗಟ್ಟದ ಹೀಮೋಫಿಲಿಯಾ ಕಾಯಿಲೆಯುಳ್ಳ ಐವರು ಗಂಡಸರ ಆಕರಕೋಶಗಳನ್ನೇ ಹೊರತೆಗೆದು, ನಿರಪಾಯಗೊಳಿಸಿದ ವೈರಸ್ಸಿನ ಸಹಾಯದಿಂದ ಕೊರತೆಯಿದ್ದ ವಂಶವಾಹಿಯನ್ನು ಸೇರಿಸಿ, ಮತ್ತೆ ಅವರಿಗೇ ಕೊಟ್ಟ ಪ್ರಯೋಗ ವೆಲ್ಲೂರಿನಲ್ಲಿ ನಡೆಯಿತು. ಇದನ್ನು ನಡೆಸಿದ ಆಕರಕೋಶ ಸಂಶೋಧನಾ ಕೇಂದ್ರ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗ. ಚಿಕಿತ್ಸೆಯ ಬಳಿಕ ಗಮನಿಸಿದ ಅವಧಿಯಲ್ಲಿ ಐವರಲ್ಲಿಯೂ ರಕ್ತಸ್ರಾವದ ಬಾಧೆ ಕಾಣಿಸಲಿಲ್ಲವೆಂದು ೨೦೨೪ರ ಡಿಸೆಂಬರಿನಲ್ಲಿ ಪ್ರಕಟಿಸಿದ್ದಾರೆ. ಐದು ಮಂದಿಯಲ್ಲಿ ಕಂಡದ್ದು ಐನೂರು ಮಂದಿಯಲ್ಲಿಯೂ ಕಾಣಬೇಕು. ಆದರೂ ಇದು ಹೆಮ್ಮೆಪಡುವ ಆರಂಭ.

ಕೊನೆಗೆ ಒಂದು ಎಚ್ಚರಿಕೆಯ ಮಾತು. ಆಕರಕೋಶವೆಂಬ ಹೆಸರಿಗೆ ಈಗ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ. ಮಂಡಿನೋವು, ಮಧುಮೇಹ, ಪಾರ್ಶ್ವವಾಯು, ಮಕ್ಕಳ ಬುದ್ಧಿಯ ಬೆಳವಣಿಗೆ, ಎಲ್ಲಕ್ಕೂ ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಜಾಹೀರಾತು ಕೊಡುವವರಿದ್ದಾರೆ. ಒಡವೆ ಮಾರಿ, ಜಮೀನು ಅಡವಿಟ್ಟು ಹೋದ ಕುಟುಂಬಗಳುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ೨೦೧೭ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ: ಗೊತ್ತುಪಡಿಸಿದ ರಕ್ತದ ಹಾಗೂ ರೋಗನಿರೋಧಕ ಶಕ್ತಿಯ ಕಾಯಿಲೆಗಳಿಗೆ ಮಾಡುವ ರಕ್ತದ ಆಕರಕೋಶದ ಕಸಿಯನ್ನು ಬಿಟ್ಟರೆ, ಉಳಿದುದೆಲ್ಲ ಪ್ರಯೋಗದ ಹಂತದ್ದು, ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡತಕ್ಕದ್ದು. ಪ್ರಯೋಗಕ್ಕೆ ಒಳಗಾಗುವ ರೋಗಿಯಿಂದ ಹಣ ಕೇಳುವ ಪದ್ಧತಿಯಿಲ್ಲ. ಹಣ ಮೊದಲು, ಗುಣ ಆಮೇಲೆ ಎನ್ನುವವರ ಬಾಗಿಲಿನಿಂದ ಹಿಂದಿರುಗಿ ಬರುವುದೇ ವಿವೇಕ. ಮಗು ಹುಟ್ಟಿದಾಗ ಹೊಕ್ಕುಳಬಳ್ಳಿಯ ರಕ್ತವನ್ನು ಆ ಮಗುವಿಗೇ ಮುಂದೆ ಬೇಕಾದೀತೆಂದು ಲಕ್ಷಾಂತರ ಕೊಟ್ಟು ಕಾದಿಡುವುದಕ್ಕೂ ಮಂಡಳಿಯ ಶಿಫಾರಸಿಲ್ಲ.

ತಿಂಗಳುಗಟ್ಟಲೆ ಬಿಡದ ದಣಿವು, ಕಾರಣವಿಲ್ಲದೆ ಚರ್ಮದ ಮೇಲೆ ಮೂಡುವ ನೀಲಿ ಕಲೆ, ವಸಡಿನಲ್ಲಿ ಜಿನುಗುವ ರಕ್ತ, ಮತ್ತೆ ಮತ್ತೆ ಮರುಕಳಿಸುವ ಜ್ವರ, ಹೊಟ್ಟೆಯ ಎಡಗಡೆಯ ಭಾರ, ಇವುಗಳಲ್ಲಿ ಯಾವುದನ್ನೂ ವಯಸ್ಸಿನ ಮೇಲೆ, ಉಷ್ಣದ ಮೇಲೆ ಹಾಕಿ ಸುಮ್ಮನಿರಬಾರದು. ರಕ್ತಕಣಗಳ ಲೆಕ್ಕದ ಪರೀಕ್ಷೆ ನಮ್ಮ ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಆಗುತ್ತದೆ. ಆ ಚೀಟಿಯಲ್ಲಿರುವ ಮೂರು ಅಂಕಿಗಳು ಮೂಳೆಯೊಳಗಿನ ಕಾರ್ಖಾನೆ ಬರೆದು ಕಳಿಸುವ ಕಾಗದ. ಅದನ್ನು ಬಲ್ಲವರಿಂದ ಓದಿಸಿ ತಿಳಿದುಕೊಳ್ಳೋಣ. ಕಾಗದ ಸಕಾಲಕ್ಕೆ ತಲುಪಿದರೆ, ಉತ್ತರ ಬರೆಯುವ ಶಕ್ತಿ ಇಂದಿನ ವೈದ್ಯಕ್ಕೆ ಬಹಳಮಟ್ಟಿಗೆ ಬಂದಿದೆ.